ಡಾಕ್ಟರು ಹೇಳದ ಮಾತು

ಡಾಕ್ಟರು ಹೇಳದ ಮಾತನ್ನು ಡಾಕ್ಟರೇ ಹೇಳಿದರೆಂದು ಒಬ್ಬ ಹೆಂಗಸನ್ನು ನಂಬಿಸಿದವಳು ನಾನು. ಬಾಯಿ ತಪ್ಪಿ ಬಂದದ್ದಲ್ಲ, ಭಾಷೆ ತಿಳಿಯದೆ ಆದದ್ದೂ ಅಲ್ಲ. ತಿಳಿದೇ ಹೇಳಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೊಸೂರಿನ ಶಾಲೆಯೊಂದರಲ್ಲಿ ಟೀಚರ್. ಮದುವೆಯಾಗಿರಲಿಲ್ಲ, ಅಮ್ಮ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಅವರ ಮರೆವು ಮೊದಮೊದಲು ತಮಾಷೆಯಾಗಿತ್ತು — ಅರವತ್ತಕ್ಕೆ ಅರಳುಮರಳು ಎಂದು ಇಬ್ಬರೂ ಸೇರಿಯೇ ನಗುತ್ತಿದ್ದೆವು. ಆಮೇಲೆ ಒಂದು ಬೆಳಿಗ್ಗೆ ಬರೀ ಬನಿಯನ್ನಿನಲ್ಲಿ ಕಚೇರಿಗೆ ಹೋಗಿ, ಬೇರೆಯವರ ಕುರ್ಚಿಯಲ್ಲಿ ಕುಳಿತು, ಏಳಿ ಎಂದವರಿಗೆ ಬೈದರು. ಜವಾನ ಕೈಹಿಡಿದು ಮನೆಗೆ ಕರೆತಂದ. ಬೀದಿಯಲ್ಲಿ ನಿಂತು ನೋಡಿದವರಲ್ಲಿ ನನ್ನ ತರಗತಿಯ ಹುಡುಗಿಯರೂ ಇದ್ದರು.

ಮರುದಿನದಿಂದ ಅಪ್ಪನನ್ನು ನಡುಕೋಣೆಯಲ್ಲಿ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಶಾಲೆಗೆ ಹೋಗತೊಡಗಿದೆ. ಕೇಳಿದವರಿಗೆ ಮಂಡಿನೋವು, ಎದ್ದು ಓಡಾಡುವುದಿಲ್ಲ ಎಂದೆ. ನಂಟರು ಬರುತ್ತೇವೆಂದರೆ ಏನಾದರೊಂದು ನೆಪ. ಕ್ರಮೇಣ ನಮ್ಮ ಮನೆಗೆ ಬರುವವರೇ ಇಲ್ಲವಾದರು. ಸಂಜೆ ಬೀಗ ತೆಗೆದರೆ ಅಪ್ಪ ನನ್ನನ್ನು ಮರ್ಯಾದೆಯಿಂದ ನೋಡಿ, “ಏನಮ್ಮ, ಅರ್ಜಿ ತಂದಿದೀಯಾ?” ಎನ್ನುತ್ತಿದ್ದರು. ನನ್ನವರು ಅಂತ ಉಳಿದಿದ್ದವರು ಅವರೊಬ್ಬರೇ, ಅವರಿಗೂ ನಾನು ಯಾರೋ. ಅಳುತ್ತಿದ್ದೆ ಎಂದು ಬರೆಯಬಹುದಿತ್ತು — ಅಳಲಿಲ್ಲ. ಸಿಟ್ಟು ಬರುತ್ತಿತ್ತು.

ಆ ದಿನಗಳಲ್ಲೇ ಹತ್ತಿರದ ಬೇರಿಕೆ ಎಂಬ ಊರಿನಲ್ಲಿ ಒಂದು ವೈದ್ಯಕೀಯ ಶಿಬಿರ ನಡೆಯಿತು. ಬಂದ ಡಾಕ್ಟರು ಮದರಾಸಿನ ಕಡೆಯವರು, ತಮಿಳು ಬಿಟ್ಟರೆ ನಮ್ಮ ಕಡೆಯ ಮಾತು ಬಾರದು. ತಮಿಳು ತಿಳಿಯದ ಊರ ಹೆಂಗಸರಿಗೆ ಕನ್ನಡದಲ್ಲಿ ಹೇಳುವುದಕ್ಕೆ ನನ್ನನ್ನು ಕರೆದರು. ನಾಲ್ಕು ಜನರ ಮುಂದೆ ನಿಂತು ಮಾತಾಡುವುದೆಂದರೆ ನನಗೆ ಇಷ್ಟ. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ. ಡಾಕ್ಟರ ಮಾತು ರಕ್ತದೊತ್ತಡದ ಬಗ್ಗೆಯೋ ಕ್ಷಯದ ಬಗ್ಗೆಯೋ ಇರಬೇಕೆಂದುಕೊಂಡಿದ್ದೆ. ಅವರು ಮುದಿತನದ ಮರೆವಿನ ಬಗ್ಗೆ ಶುರುಮಾಡಿದರು.

ಇದು ಮಿದುಳಿನ ಕಾಯಿಲೆ, ಗಾಳಿ ಮೆಟ್ಟಿದ್ದಲ್ಲ, ಪಾಪದ ಫಲವಲ್ಲ ಎಂದರು. ಹೇಳಿದೆ. ಬೈಯಬೇಡಿ, ನಗಬೇಡಿ, ವಾದ ಮಾಡಬೇಡಿ ಎಂದರು. ಅದನ್ನೂ ಹೇಳಿದೆ. ಎದ್ದು ಹೊರಟರೆ ಜೊತೆಗೆ ಒಬ್ಬರು ನಡೆಯಿರಿ, ನೆರೆಹೊರೆಯವರೂ ಸರದಿಯಲ್ಲಿ ನೋಡಿಕೊಳ್ಳಿ, ಕೋಣೆಯಲ್ಲಿ ಹಾಕಿ ಬೀಗ ಮಾತ್ರ ಹಾಕಬೇಡಿ, ಕೂಡಿಹಾಕಿದರೆ ಬೇಗ ಕುಗ್ಗಿಹೋಗುತ್ತಾರೆ ಎಂದರು. ಆ ಮಾತನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋದೆ. ನನ್ನ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಆಗ ಮುನಿಯಮ್ಮ ಎದ್ದು ನಿಂತರು. ಕೂಲಿ ಮಾಡುವವರು, ನನಗಿಂತ ದೊಡ್ಡವರು.

“ಟೀಚರಮ್ಮ, ನಮ್ಮನೆಯವ್ರು ವೀಳ್ಯದೆಲೆ ಮಾರ್ತಿದ್ರು. ಈಗ ಅವ್ರಿಗೆ ದಿನಾ ಸಂತೇನೆ. ಬರೀ ಬುಟ್ಟಿ ಎತ್ಕೊಂಡು ಹೊಂಟ್ಬುಡ್ತಾರೆ. ನಾನೂ ಹಿಂದ್ಹಿಂದೇನೇ ಹೋಗಿ ಕರ್ಕೊಂಡ್ ಬತ್ತೀನಿ. ಕೂಲಿ ಬಿಟ್ಟು ಎಷ್ಟ್ ದಿನ ಅಂತ ಹೋಗ್ಲಿ? ಒಳಗಾಕಿ ಬೀಗ ಹಾಕ್ಬೋದಾ, ವಸಿ ಡಾಕ್ಟ್ರನ್ನ ಕೇಳಿ.”

ಈಕೆ ಏನು ಕೇಳುತ್ತಿದ್ದಾರೆ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಗಂಡನಿಗೆ ಕಣ್ಣು ಮಂಜಂತೆ, ಕಣ್ಣಿನ ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದಾರೆ — ಎಂದು ತಮಿಳಿನಲ್ಲಿ ಹೇಳಿದೆ. ಊಟದ ನಂತರ ಎಂದರು ಅವರು, ನಗುತ್ತಾ. ನಾನು ಮುನಿಯಮ್ಮನ ಕಡೆ ತಿರುಗಿದೆ.

“ಹಾಕ್ಬೋದಂತೆ. ತಪ್ಪಿಲ್ವಂತೆ.”

ಮುನಿಯಮ್ಮ ಡಾಕ್ಟರಿಗೆ ಕೈಮುಗಿದರು. ಡಾಕ್ಟರೂ ಕೈಮುಗಿದರು.

ಯಾಕೆ ಹಾಗೆ ಮಾಡಿದೆ? ಬೀಗ ಹಾಕಬೇಡಿ ಎಂದು ಊರಿಗೆಲ್ಲ ಹೇಳಿ ಮನೆಗೆ ಬಂದು ಬೀಗ ಹಾಕಿದ್ದರೂ ನನ್ನನ್ನು ಕೇಳುವವರಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ — ಅಷ್ಟೇ ಆಗುತ್ತಿತ್ತು. ಅದಲ್ಲ. ಈ ಕೆಲಸ ಮಾಡುವವಳು ಜಗತ್ತಿನಲ್ಲಿ ನಾನೊಬ್ಬಳೇ ಎಂಬ ಭಾವನೆ ಇತ್ತಲ್ಲ, ಅದು ತಡೆಯಲಾಗದಂತಿತ್ತು. ಇನ್ನೊಬ್ಬಳೂ ಹಾಕಲಿ ಎನ್ನಿಸಿತು. ನನಗೆ ಜೊತೆ ಬೇಕಿತ್ತು.

ಮುಂದಿನ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಮಂಡಿನೋವಿನ ಮನುಷ್ಯನೆಂದೇ ತಿಳಿದು ಬೀದಿಯವರು ಹೆಗಲು ಕೊಟ್ಟರು. ಕೋಣೆಯ ಬಾಗಿಲ ಒಳಮೈಯಲ್ಲಿ ಅವರ ಕೈ ಆಡಿ ಆಡಿ ಬಣ್ಣ ಹೋಗಿದ್ದನ್ನು ನಾನು ಯಾರೂ ನೋಡದ ಹಾಗೆ ಒಂದು ಕ್ಯಾಲೆಂಡರು ತೂಗುಹಾಕಿ ಮುಚ್ಚಿದೆ.

ಕೆಲವು ವರ್ಷಗಳ ಮೇಲೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆಂದು ಬೇರಿಕೆಗೆ ಹೋದೆ. ಬಸ್ಸಿಗೆ ಕಾಯುತ್ತಿದ್ದಾಗ ಮುನಿಯಮ್ಮ ಗುರುತು ಹಿಡಿದು, ಬಿಡದೆ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಗಂಡ ತೀರಿಕೊಂಡಿದ್ದರು, ಶಿಬಿರದ ಮೇಲೆ ಒಂದು ವರ್ಷವೂ ಇರಲಿಲ್ಲವಂತೆ.

“ನೀವ್ ಕೇಳಿ ಹೇಳಿದ್ಮೇಲೇನೇ ನಾನು ಕೂಲಿಗೆ ಹೋಗಂಗಾಗಿದ್ದು. ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎಂದರು. ಆಮೇಲೆ ಪಕ್ಕದ ಮನೆಯ ಸೊಸೆಯನ್ನು ಕೂಗಿ ಕರೆದರು. “ಬಾಮ್ಮ, ಡಾಕ್ಟ್ರ ಮಾತು ಹೇಳಿದ್ ಟೀಚರಮ್ಮ ಇವ್ರೇ.”

ಆ ಹುಡುಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಅತ್ತೆ ಎದ್ದೆದ್ದು ಹೋಗುತ್ತಾರಂತೆ. ನಾಳೆಯಿಂದ ಬೀಗ ಹಾಕುವುದೆಂದು ತೀರ್ಮಾನಿಸಿದ್ದಾರೆ, ಮುನಿಯಕ್ಕನೇ ಹೇಳಿಕೊಟ್ಟದ್ದು. “ಹಾಕ್ಬೋದಲ್ವಾಮ್ಮ?” ಎಂದಳು.

ಹೂಂ ಎಂದರೆ ಮುನಿಯಮ್ಮನ ನೆಮ್ಮದಿ ಉಳಿಯುತ್ತಿತ್ತು. ಬೇಡ ಎಂದರೆ — ಎದುರಿಗೇ ಕೂತಿದ್ದರು, ನನ್ನ ಲೋಟ ಖಾಲಿಯಾಗುವುದನ್ನೇ ನೋಡುತ್ತಾ. ಆ ಅತ್ತೆ ಯಾರನ್ನೋ ಕೂಗುವುದು ಪಕ್ಕದ ಮನೆಯಿಂದ ಕೇಳುತ್ತಿತ್ತು.

“ಬೇಡಮ್ಮ, ಹಾಕ್ಬೇಡ” ಎಂದೆ. “ಡಾಕ್ಟ್ರು ಅವತ್ತು ಹಾಕ್ಬೇಡಿ ಅಂತ್ಲೇ ಅಂದಿದ್ದು. ಹಾಕ್ಬೋದು ಅಂದಿದ್ದು ನಾನು.”

ಮುನಿಯಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟರು. ಆಮೇಲೆ, ನನಗಲ್ಲ, ಆ ಹುಡುಗಿಗೆ ಹೇಳಿದರು.

“ಸಂತೆಗೆ ಹೊತ್ತಾಯ್ತು ಕಣೇ, ತೆಗಿಯೇ ಅಂತ ನಮ್ಮನೆಯವ್ರು ಒಳಗಿಂದ ಕರೀತಿದ್ರು. ನಾನು ಈಚೆ ಜಗ್ಲಿ ಮೇಲೆ ಕೂತ್ಕೊಂಡು ಅಳ್ತಿದ್ದೆ. ಡಾಕ್ಟ್ರೇ ಹೇಳವ್ರಲ್ಲ ಅಂತ ತೆಗೀಲಿಲ್ಲ.”

ಯಾಕೆ ಹಾಗೆ ಹೇಳಿದಿರಿ ಎಂದು ಅವರು ಕೇಳಲಿಲ್ಲ. ಅಪ್ಪನ ವಿಷಯ ನಾನೂ ಎತ್ತಲಿಲ್ಲ. ಎತ್ತಿದ್ದರೆ ಅದು ನೆಪವಾಗುತ್ತಿತ್ತು. ಇಲ್ಲಿ ಬರೆಯುತ್ತಿರುವುದೇ ಮೊದಲು.

ಈಗ ಪ್ರತಿ ಭಾನುವಾರ ಬೇರಿಕೆಗೆ ಹೋಗುತ್ತೇನೆ. ಆ ಸೊಸೆ ಮನೆಗೆಲಸ ಮುಗಿಸುವವರೆಗೆ ಅವಳ ಅತ್ತೆಯ ಜೊತೆ ಅವರು ಹೋದ ಕಡೆಗೆಲ್ಲ ನಡೆಯುತ್ತೇನೆ. ಮುನಿಯಮ್ಮ ಜಗಲಿಯ ಮೇಲಿರುತ್ತಾರೆ. ಬಂದ್ರಾ ಎನ್ನುತ್ತಾರೆ, ಬಂದೆ ಎನ್ನುತ್ತೇನೆ, ಅಷ್ಟೇ. ಕ್ಷಮಿಸಿ ಎಂದು ಒಂದು ಸಲ ಕೇಳಿದರೆ ಕ್ಷಮಿಸಿಬಿಡುತ್ತಾರೆ, ಅಂಥ ಹೆಂಗಸು. ಅದಕ್ಕೇ ಕೇಳಿಲ್ಲ.