ನಮ್ಮ ಕಡೆ ಯಾರಿಗೂ ಇಲ್ಲ

ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ — ಗೊತ್ತಿದ್ದೇ ಹೇಳಿದ್ದು. ಆ ಸುಳ್ಳಿನಿಂದ ನನ್ನ ಮಗಳು ಹದಿನಾರು ವರ್ಷ ಔಷಧಿಯಿಲ್ಲದೆ, ಎಚ್ಚರಿಕೆಯಿಲ್ಲದೆ ಬದುಕಿದಳು. ಇನ್ನೊಬ್ಬ ಹೆಣ್ಣುಮಗಳು ಬದುಕಲೇ ಇಲ್ಲ. ಆಕೆ ಪುಟ್ಟ ಹುಡುಗಿಯಾಗಿದ್ದಾಗ ನಮ್ಮ ಜಗಲಿಯ ಮೇಲೆ ಆಡುತ್ತಿದ್ದವಳು.

ನಿರ್ಮಲಾ ನಾನು ಹೆತ್ತ ಮಗಳಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ನಮ್ಮ ಯಜಮಾನರು ಪ್ರೈಮರಿ ಶಾಲೆಯ ಮೇಷ್ಟರು. ಮೊದಲು ಅಜ್ಜಂಪುರದಲ್ಲಿದ್ದೆವು. ಪಕ್ಕದ ಮನೆಯಲ್ಲಿ ಬಸಪ್ಪ, ಅವನ ಹೆಂಡತಿ ರುದ್ರಮ್ಮ, ಎರಡು ಹೆಣ್ಣುಮಕ್ಕಳು — ಶಿವಮ್ಮ, ಪಾರ್ವತಿ. ಬಸಪ್ಪ ಗಾಡಿ ಹೊಡೆಯುತ್ತಿದ್ದ. ರೈಲ್ವೆ ಸ್ಟೇಷನ್ನಿನಿಂದ ಮೂಟೆಗಳನ್ನು ಅಂಗಡಿಗಳಿಗೆ ಸಾಗಿಸುವ ಕೆಲಸ. ಗಟ್ಟಿ ಆಳು. ಅವನ ಎರಡೂ ಹಿಮ್ಮಡಿಯ ಮೇಲಿನ ನರ ಗಂಟುಗಂಟಾಗಿ ಉಬ್ಬಿತ್ತು, ಕೈಬೆರಳಿನ ಗೆಣ್ಣುಗಳ ಮೇಲೂ ಹಾಗೇ. ದುಡಿದ ಕೈಕಾಲು ಹಾಗಿರುತ್ತವೆ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಮೂಟೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಗಾಡಿಯ ಪಕ್ಕದಲ್ಲೇ ಕುಸಿದ. ಮೂವತ್ತೈದು ತುಂಬಿರಲಿಲ್ಲ. ಅವನ ಅಣ್ಣನೂ ಅದೇ ವಯಸ್ಸಿನ ಆಚೆ ಈಚೆ ಹಾಗೆಯೇ ಹೋಗಿದ್ದನಂತೆ. ಆ ಮನೆಯ ಗಂಡಸರು ನಲವತ್ತು ಕಾಣುವುದಿಲ್ಲ ಎಂದು ಬೀದಿಯವರು ಮಾತಾಡಿಕೊಂಡರು.

ರುದ್ರಮ್ಮನಿಗೆ ಆಗ ಆರು ತಿಂಗಳು. ಮೂರನೆಯದೂ ಹೆಣ್ಣಾಯಿತು. ನಮಗೆ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಬಾಣಂತನದ ಮನೆಗೆ ಗಂಜಿ ಕೊಡಲು ಹೋಗುತ್ತಿದ್ದ ನಾನು ಮಗುವನ್ನು ಎತ್ತಿಕೊಂಡರೆ ಕೆಳಗಿಡುತ್ತಿರಲಿಲ್ಲ. ಕೇಳಿದವಳು ನಾನೇ. ಅವಳಾಗಿ ಕೊಡಲಿಲ್ಲ. ಮೂರು ದಿನ ಅತ್ತು, ನಾಲ್ಕನೆಯ ದಿನ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, "ಇವತ್ತಿಂದ ನಿಮ್ಮ ಮಗಳು ಕಣ್ರೀ ಗೌರಮ್ಮೋರೆ. ನಾನು ಆ ಕಡೆ ತಿರುಗೂ ನೋಡಲ್ಲ" ಅಂದಳು. ಅಷ್ಟರಲ್ಲಿ ನಮಗೆ ತರೀಕೆರೆಗೆ ವರ್ಗವಾಗಿತ್ತು. ಅಲ್ಲಿ ಯಾರಿಗೂ ನಮ್ಮ ಹಿಂದುಮುಂದು ಗೊತ್ತಿರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದ ತಾಯಿ ನಾನು — ಅಷ್ಟೇ.

ಎಪ್ಪತ್ತೆರಡನೆಯ ಇಸವಿ. ನಿರ್ಮಲಾಗೆ ಹದಿನೇಳು. ಖೋ ಖೋ ಆಡಿ ಬಂದವಳು ಹಿಮ್ಮಡಿ ನೋವೆಂದು ಕಾಲು ಚಾಚಿ ಕೂತಳು. ಎಣ್ಣೆ ಹಚ್ಚಲು ಹೋದೆ. ಬೆರಳಿಗೆ ಗಂಟು ಸಿಕ್ಕಿತು. ಇನ್ನೊಂದು ಕಾಲು ನೋಡಿದೆ — ಅಲ್ಲೂ. ಆ ಕ್ಷಣದಲ್ಲೇ ನನಗೆ ಬಸಪ್ಪನ ಕಾಲು ನೆನಪಾಯಿತು. ಇಲ್ಲ, ನೆನಪಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನೆನಪಾಗಿತ್ತು.

ಊರಿನ ಲೇಡಿ ಡಾಕ್ಟರು ಒಳ್ಳೆಯವರು. ಗಂಟುಗಳನ್ನು ಒತ್ತಿ ನೋಡಿದರು, ಕಣ್ಣುರೆಪ್ಪೆಯ ಮೂಲೆಯಲ್ಲಿದ್ದ ಹಳದಿ ಮಚ್ಚೆ ನೋಡಿದರು, ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಫಲಿತಾಂಶ ಬಂದ ದಿನ ನನ್ನನ್ನೂ ನಿರ್ಮಲಾಳನ್ನೂ ಕೂರಿಸಿಕೊಂಡು, ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಈ ವಯಸ್ಸಿಗೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದೆ ಎಂದರು. ಆಮೇಲೆ ನನ್ನನ್ನು ಕೇಳಿದರು — "ನಿಮ್ಮ ಮನೇಲಾಗಲಿ, ನಿಮ್ಮ ಯಜಮಾನ್ರ ಮನೇಲಾಗಲಿ, ಚಿಕ್ಕ ವಯಸ್ಸಿಗೇ ಎದೆನೋವು ಬಂದು ತೀರಿಕೊಂಡೋರು ಯಾರಾದ್ರೂ ಇದಾರಾ? ಸರಿಯಾಗಿ ಯೋಚನೆ ಮಾಡಿ ಹೇಳಿ. ಇದು ವಂಶದಲ್ಲಿ ಬರುತ್ತೆ."

ನಿರ್ಮಲಾ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದಳು.

"ಇಲ್ಲ ಡಾಕ್ಟ್ರೇ," ಅಂದೆ. "ನಮ್ಮ ಕಡೆ ಯಾರಿಗೂ ಇಲ್ಲ."

ಅವಳನ್ನು ಆಚೆ ಕಳಿಸಿ ಹೇಳಬಹುದಿತ್ತು. ಮಾರನೆಯ ದಿನ ಒಬ್ಬಳೇ ಹೋಗಿ ಹೇಳಬಹುದಿತ್ತು. ಡಾಕ್ಟರು ನನ್ನ ರಕ್ತವನ್ನೂ ಯಜಮಾನರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಇಬ್ಬರದೂ ಸರಿಯಾಗಿತ್ತು — ಇರಲೇಬೇಕು, ಅದು ಅವಳ ರಕ್ತವಲ್ಲವಲ್ಲ. ಡಾಕ್ಟರು ತಲೆ ಕೆಡಿಸಿಕೊಂಡರು. "ನಿಮಗಿಬ್ಬರಿಗೂ ಇಲ್ಲ ಅಂದ್ರೆ ನನಗೂ ತಿಳೀತಿಲ್ಲ. ತುಪ್ಪ, ಬೆಣ್ಣೆ, ಕೊಬ್ಬರಿ ಕಡಿಮೆ ಮಾಡಿ. ಮೂರು ತಿಂಗಳಿಗೆ ಮತ್ತೆ ರಕ್ತ ನೋಡೋಣ. ಬೆಂಗಳೂರಿನ ದೊಡ್ಡ ಡಾಕ್ಟರಿಗೆ ಚೀಟಿ ಕೊಡ್ತೀನಿ, ತಪ್ಪದೆ ತೋರಿಸಿ" ಎಂದರು.

ಅವತ್ತು ನಾವಿಬ್ಬರೇ ಮನೆಗೆ ಬರುವ ದಾರಿಯಲ್ಲಿ ಯಜಮಾನರು, "ಡಾಕ್ಟ್ರಿಗಾದ್ರೂ ಹೇಳಿಬಿಡೋಣ ಕಣೇ" ಎಂದರು. ನಾನು ನಡುದಾರಿಯಲ್ಲಿ ನಿಂತೆ. "ಹೇಳಿದ್ರೆ ನಾನು ಬಾವಿ ನೋಡ್ಕೋತೀನಿ" ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಎಂಬತ್ತೊಂದರಲ್ಲಿ ತೀರಿಕೊಂಡರು — ಎತ್ತದೆಯೇ.

ಚೀಟಿಯನ್ನು ಒಲೆಗೆ ಹಾಕಿದೆ. ಬೆಂಗಳೂರಿನ ಡಾಕ್ಟರು ಇನ್ನೂ ಆಳವಾಗಿ ಕೆದಕಿದರೆ? ಲೇಡಿ ಡಾಕ್ಟರ ಹತ್ತಿರವೂ ಹೋಗುವುದನ್ನು ಬಿಟ್ಟೆ. ರಕ್ತದ ಕೊಬ್ಬು ಸ್ವಲ್ಪ ದಿನದಲ್ಲೇ ಇಳಿಯುತ್ತದಂತೆ, ಗಂಟು ಚಪ್ಪಲಿ ಉಜ್ಜಿ ಬಂದದ್ದು ಎಂದು ನಿರ್ಮಲಾಗೆ ಹೇಳಿದೆ, ಅವಳು ನಂಬಿದಳು. ಕೆಲವು ತಿಂಗಳು ತುಪ್ಪ ಹಿಡಿದು ಬಡಿಸಿದೆ. ದೀಪಾವಳಿಯ ದಿನ ಹೋಳಿಗೆಯ ಎಲೆ ಮುಂದೆ ಕೂತು ಅವಳು, "ಯಾಕಮ್ಮಾ, ನಂಗೊಬ್ಬಳಿಗೇ ತುಪ್ಪ ಇಲ್ವಾ? ನಂಗೇನಾಗಿದೆ?" ಎಂದು ಕೇಳಿದಳು. ಏನೂ ಆಗಿಲ್ಲ ಅಂದೆ. ಎರಡು ಮಿಳ್ಳೆ ತುಪ್ಪ ಹಾಕಿದೆ. ಅವಳು ಇನ್ನೊಂದು ಪ್ರಶ್ನೆ ಕೇಳಬಾರದೆಂದು — ನನ್ನ ಕೈಯಾರೆ ಹಾಕಿದೆ.

ಎಪ್ಪತ್ತಾರರಲ್ಲಿ ಕಡೂರಿಗೆ ಮದುವೆ ಮಾಡಿಕೊಟ್ಟೆವು. ಅಳಿಯ ಮಹೇಶ ಹೈಸ್ಕೂಲಿನಲ್ಲಿ ಗುಮಾಸ್ತ. ಗಂಡು ಒಂದು, ಹೆಣ್ಣು ಒಂದು — ರವಿ, ಆಶಾ. ಎಲ್ಲ ಚೆನ್ನಾಗಿದೆ ಎನ್ನುವಷ್ಟು ಚೆನ್ನಾಗಿತ್ತು. ಮರೆತೇ ಹೋಗಿತ್ತು ಎಂದರೆ — ಅದೂ ಸುಳ್ಳು. ಅವಳು ಬಂದಾಗಲೆಲ್ಲ ನಾನು ಮೊದಲು ಕಾಲು ನೋಡುತ್ತಿದ್ದೆ. ಗಂಟು ದಪ್ಪವಾಗುತ್ತಿತ್ತು.

ಕಳೆದ ವರ್ಷ, ಎಂಬತ್ತೆಂಟರಲ್ಲಿ, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತುವಾಗ ನಿರ್ಮಲಾಗೆ ಎದೆನೋವು ಬಂತು. ಮಹೇಶ ಕಾರು ಮಾಡಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದ. ನಾನು ಬಸ್ಸಿನಲ್ಲಿ ಓಡಿದೆ. ಹಾರ್ಟ್ ಅಟ್ಯಾಕ್. ಮೂವತ್ತಮೂರು ವರ್ಷದ ಹೆಂಗಸಿಗೆ ಹೀಗಾಗುವುದು ಕಡಿಮೆ ಎಂದು ವಯಸ್ಸಾದ ಡಾಕ್ಟರೊಬ್ಬರು ಅವಳ ಕಾಲು, ಕೈ, ಕಣ್ಣು ಎಲ್ಲ ನೋಡಿದರು. ನಂತರ ಅದೇ ಪ್ರಶ್ನೆ. ಈ ಸಲ ಕೇಳಿದ್ದು ಅವಳನ್ನೇ.

"ಇಲ್ಲ ಡಾಕ್ಟ್ರೇ," ಎಂದಳು ನಿರ್ಮಲಾ, ಉಸಿರು ಕೂಡಿಸಿಕೊಂಡು. "ನಮ್ಮ ಕಡೆ ಯಾರಿಗೂ ಇಲ್ಲ. ಹಿಂದೆ ಅಪ್ಪ ಅಮ್ಮನ ರಕ್ತಾನೂ ನೋಡಿದ್ರು, ಏನೂ ಇರಲಿಲ್ಲ."

ನನ್ನದೇ ಮಾತು. ಅಕ್ಷರ ಬದಲಾಗಿರಲಿಲ್ಲ. ನಾನು ಮಂಚದ ಹತ್ತಿರವೇ ನಿಂತಿದ್ದೆ — ಆಗಲೂ ಬಾಯಿ ಬಿಡಲಿಲ್ಲ. ಇನ್ನೂ ಎರಡು ದಿನ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಹೇಶ ಊಟಕ್ಕೆ ಹೋಗಿದ್ದ. ಆಶಾ ತಾಯಿಯ ಕಾಲಿನ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಎಂಟು ವರ್ಷದ ಮಗು. ಅವಳ ರಕ್ತದಲ್ಲೂ ಇದು ಇದ್ದರೆ — ಎಂಬುದು ಆ ಹೊತ್ತಿಗೆ ಮಾತ್ರ ನನಗೆ ತಟ್ಟಿತು. ಹೊರಗೆ ಆಡಿಕೋ ಎಂದು ಅವಳನ್ನು ಕಳಿಸಿ, ನಿರ್ಮಲಾಗೆ ಎಲ್ಲ ಹೇಳಿದೆ. ಬಸಪ್ಪ, ಅವನ ಅಣ್ಣ, ರುದ್ರಮ್ಮ, ನಾನು ಸುಟ್ಟ ಚೀಟಿ. ಅವಳು ಅಳಲಿಲ್ಲ.

"ಅಪ್ಪಂಗೂ ಗೊತ್ತಿತ್ತಾ?"

"ಗೊತ್ತಿತ್ತು. ಹೇಳೋಣ ಅಂದ್ರು. ನಾನು ಬಿಡಲಿಲ್ಲ."

"ಡಾಕ್ಟ್ರನ್ನ ಕರಿ," ಎಂದಳು. "ಮಕ್ಕಳನ್ನ ನೋಡ್ಲಿ."

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಇದು ಶಾಪ ಅಲ್ಲಮ್ಮ, ಅಂಥ ಅಪರೂಪದ್ದೂ ಅಲ್ಲ. ನಿಮ್ಮ ಕಡೂರು ಸಂತೇಲಿ ನಿಂತ್ಕೊಂಡು ನೋಡಿದ್ರೆ ಇದು ಇರೋರು ಸಿಕ್ಕೇ ಸಿಗ್ತಾರೆ. ಇದೆ ಅಂತ ಅವರಿಗೇ ಗೊತ್ತಿರಲ್ಲ. ಅಪ್ಪಂಗೋ ಅಮ್ಮಂಗೋ ಇದ್ರೆ ಒಂದೊಂದು ಮಗುವಿಗೂ ಬರೋದು ಅರ್ಧ, ಬರದೇ ಇರೋದು ಅರ್ಧ. ಪೂರ್ತಿ ಹೋಗಲ್ಲ. ಆದ್ರೆ ಬೇಗ ಗೊತ್ತಾದ್ರೆ ಪಥ್ಯ, ಔಷಧಿ, ಆಗಾಗ ರಕ್ತ ಪರೀಕ್ಷೆ — ಹಿಡಿತದಲ್ಲಿ ಇಟ್ಕೋಬಹುದು" ಎಂದರು. ಆಮೇಲೆ, "ಆಕೆಯ ಒಡಹುಟ್ಟಿದೋರು ಇದಾರಲ್ಲ, ಅವರಿಗೆ ಯಾರು ಹೇಳ್ತಾರೆ?" ಎಂದು ಕೇಳಿದರು.

ನಾನು ಹೇಳುತ್ತೇನೆ ಅಂದೆ.

ಅಜ್ಜಂಪುರದಲ್ಲಿ ರುದ್ರಮ್ಮ ಅದೇ ಮನೆಯಲ್ಲಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಕ್ಷಣ ಹೊತ್ತೂ ಬೇಕಾಗಲಿಲ್ಲ. "ಮಗು ಹೆಂಗೈತೆ ಗೌರಮ್ಮೋರೆ?" ಎಂದಳು — ಮೂವತ್ತಮೂರು ವರ್ಷದ ಮೇಲೆ. ನಾನು ಹೇಳಿದ್ದನ್ನೆಲ್ಲ ಗೋಡೆಗೆ ಒರಗಿ ಕೇಳಿದಳು.

"ಶಿವಮ್ಮ ಹೋಗಿ ಎರಡು ವರ್ಷ ಆತು," ಎಂದಳು. "ಅಂತರಘಟ್ಟೆಗೆ ಕೊಟ್ಟಿದ್ವಿ. ಎಡಗೈ ನೋವು, ಎದೆ ಉರಿ ಅಂತಿದ್ಲು. ವಾಯು ಇರಬೇಕು ಅಂತ ಕಷಾಯ ಕೊಟ್ರು. ಅವಳ ಕಾಲಾಗೂ ಗಂಟಿದ್ವು ಕಣ್ರೀ, ಅವರಪ್ಪನ ಥರಾನೇ. ಅದು ಕಾಯ್ಲೆ ಅಂತ ನಮಗೆ ಯಾರು ಹೇಳೋರು?"

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದಳು. ಯಾರು ಹೇಳಬೇಕಿತ್ತೋ ಅವಳು ತರೀಕೆರೆಯಲ್ಲಿದ್ದಳು, ಬಸ್ಸು ಹತ್ತಿದರೆ ಅದೇ ದಿನ ಹೋಗಿ ಬರಬಹುದಾದಷ್ಟು ಹತ್ತಿರ. ಎಪ್ಪತ್ತೆರಡರಲ್ಲಿ ಶಿವಮ್ಮನಿಗೆ ಇಪ್ಪತ್ತಮೂರು. ಹದಿನಾಲ್ಕು ವರ್ಷ ಸಮಯವಿತ್ತು. ಔಷಧಿ ಅವಳನ್ನು ಉಳಿಸುತ್ತಿತ್ತೋ ಇಲ್ಲವೋ — ಯಾರಿಗೂ ಗೊತ್ತಿಲ್ಲ. ಆ ಅವಕಾಶ ಅವಳಿಗೆ ಸಿಗಲಿಲ್ಲ ಎಂಬುದು ಮಾತ್ರ ಗೊತ್ತು.

ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಪಾರ್ವತಿಗೆ ಇಲ್ಲ. ರವಿಗೆ ಇಲ್ಲ. ಆಶಾಗೆ ಇದೆ. ಶಿವಮ್ಮನ ಮೂರು ಮಕ್ಕಳಲ್ಲಿ ಇಬ್ಬರಿಗೆ ಇದೆ. ಅವರನ್ನು ಅಂತರಘಟ್ಟೆಯಿಂದ ಪರೀಕ್ಷೆಗೆ ಕರೆತಂದವಳು ನಾನು. ಯಾಕೆ ಕರೆತರುತ್ತಿದ್ದೇನೆಂದು ಅವರ ತಂದೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಆತ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಮಕ್ಕಳಿಗೆ ಚಪ್ಪಲಿ ಹಾಕಿಕೊಳ್ಳಿ ಎಂದಷ್ಟೇ ಹೇಳಿ ಒಳಗೆ ಹೋದ.

ನಿರ್ಮಲಾ ಈಗ ಪಥ್ಯದಲ್ಲಿದ್ದಾಳೆ. ಬೆಂಗಳೂರಿನಿಂದ ತರಿಸುವ ಒಂದು ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುತ್ತಾಳೆ. ಮರಳು ನುಂಗಿದ ಹಾಗಾಗುತ್ತದಂತೆ. ನನ್ನನ್ನು ಅಮ್ಮ ಎಂದೇ ಕರೆಯುತ್ತಾಳೆ. ತಿಂಗಳಿಗೊಮ್ಮೆ ಅಜ್ಜಂಪುರಕ್ಕೂ ಹೋಗಿಬರುತ್ತಾಳೆ. ಅಲ್ಲಿ ಏನೆಂದು ಕರೆಯುತ್ತಾಳೋ, ನಾನು ಕೇಳಿಲ್ಲ.

ರಕ್ತ ಪರೀಕ್ಷೆಯ ದಿನ ಆಶಾಳನ್ನೂ ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗುತ್ತೇವೆ. ಡಾಕ್ಟರು ಕರೆದಾಗ ತಾಯಿ ಮಗಳು ಎದ್ದು ಒಳಗೆ ಹೋಗುತ್ತಾರೆ. ಮೊದಲ ಸಲ ನಾನೂ ಎದ್ದಿದ್ದೆ. ನಿರ್ಮಲಾ ತಿರುಗಿ, "ನೀನು ಇಲ್ಲೇ ಕೂತಿರಮ್ಮ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲಿಂದ ನಾನು ಏಳುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಚೀಲಗಳನ್ನು ಕಾಯುತ್ತ ಕೂತಿರುತ್ತೇನೆ.