ನೆಗ್ಗಿದ ಕಹಳೆ

ರೈಲು ತಪ್ಪಬಹುದಿತ್ತು. ಸಿಕ್ಕಿದರೂ ಜನರ ನೂಕಾಟದಲ್ಲಿ ಚೀಲ ಎಲ್ಲಿಗಾದರೂ ಬಡಿದು ಗಾಜು ಒಡೆಯಬಹುದಿತ್ತು. ಗಾಜಿನ ಭಯಕ್ಕೆ ಚೌಕಟ್ಟು ಬಿಚ್ಚಿ ಫೋಟೋ ಮಾತ್ರ ಒಯ್ದರೆ ಮಳೆ ಬಂದು ಮುಖವೇ ಅಳಿಸಿಹೋಗಬಹುದಿತ್ತು. ತಂಗಿಯ ಗಂಡ ವೆಂಕಟೇಶಪ್ಪ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಬಹುದಿತ್ತು. ತಂಗಿ ರತ್ನ ಮೂರ್ಛೆ ಹೋಗಬಹುದಿತ್ತು. ನಾನೇ ಮೂರ್ಛೆ ಹೋಗಬಹುದಿತ್ತು, ಹೆಚ್ಚು ನಂಬಿಕೆ ಇದ್ದದ್ದು ಇದರ ಮೇಲೆಯೇ. ಬಂಗಾರಪೇಟೆಯಿಂದ ತಂಗಿಯ ಊರು ಉರಿಗಾಂಗೆ ದಾರಿ ಸಣ್ಣದು. ಅಷ್ಟರೊಳಗೆ ಇಷ್ಟಕ್ಕೂ ಹೆದರಿ ಮುಗಿಸಿದ್ದೆ.

ಶುರುವಾದದ್ದು ನುಸಿಗುಳಿಗೆಯ ವಾಸನೆಯಿಂದ. ಕೆಮ್ಮು ಹಿಡಿದು ಮಲಗಿರುವ ಅಪ್ಪನಿಗೆ ಕಂಬಳಿ ಬೇಕೆಂದು ಟ್ರಂಕು ತೆಗೆದೆ. ತಳದಲ್ಲಿ ಬೋರಲಾಗಿ ವೆಂಕಟೇಶಪ್ಪನ ಮದುವೆಗೆ ಮುಂಚಿನ ಫೋಟೋ. ತಿರುವಿದರೆ, ಚಿತ್ರದಲ್ಲಿ ಅವನ ಪಕ್ಕ ಗ್ರಾಮಫೋನು.

ನನಗೊಂದು ಚಟವಿದೆ, ನಗಬೇಡಿ. ಯಾರ ಮನೆಗೆ ಹೋದರೂ, ಸಾವಿನ ಮನೆಯಾದರೂ ಸರಿ, ಗೋಡೆಯ ಹಳೆಯ ಫೋಟೋಗಳಲ್ಲಿ ಗ್ರಾಮಫೋನು ಹುಡುಕುತ್ತೇನೆ. ಕಹಳೆ ಹಿತ್ತಾಳೆಯದೋ ತಗಡಿನದೋ, ಹೂವಿನಂತೆ ಅರಳಿದೆಯೋ ಇಲ್ಲವೋ, ಪೆಟ್ಟಿಗೆಯ ಪಕ್ಕದಲ್ಲಿ ತಿರುಗಿಸುವ ಹಿಡಿ ಎಂಥದು, ಇಷ್ಟು ನೋಡಿ ಅದರ ವಯಸ್ಸು ಹೇಳಿ ಮನೆಯವರನ್ನು ಬೇಸರಪಡಿಸುತ್ತೇನೆ. "ಸತ್ತೋರ ಮುಖ ಬಿಟ್ಟು ಪೆಟ್ಟಿಗೆ ಮುಖ ನೋಡ್ತೀರಲ್ಲ," ಎನ್ನುತ್ತಾಳೆ ಹೆಂಡತಿ.

ಭೂತಗನ್ನಡಿ ಹಿಡಿದೆ. ತಿರುಗಿಸುವ ಹಿಡಿಯೇ ಇಲ್ಲ. ಅದಿರಬೇಕಾದ ಕಡೆ ಬರೀ ತೂತು. ಅಂದರೆ ಹಾಡದ ಪೆಟ್ಟಿಗೆ. ಕಹಳೆಯ ಅಂಚಿನಲ್ಲಿ ಯಾರೋ ಕಚ್ಚಿದಂತೆ ಒಂದು ನೆಗ್ಗು. ಆ ನೆಗ್ಗನ್ನು ಉರಿಗಾಂನಲ್ಲಿ, ರತ್ನಳ ಮನೆಯ ಗೋಡೆಯ ಮೇಲೆ, ಅವಳದೇ ಫೋಟೋದಲ್ಲಿ ನೋಡಿದ್ದೆ.

ಐವತ್ತರ ದಶಕದ ಶುರುವಿನ ಮಾತು. ನಮ್ಮಲ್ಲಿ ಹೆಣ್ಣು ನೋಡುವ ಮೊದಲು ಫೋಟೋಗಳು ಓಡಾಡುತ್ತಿದ್ದವು. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರದ ಸ್ಟುಡಿಯೋದಲ್ಲಿ ತೋಟದ ಪರದೆಯ ಮುಂದೆ ರತ್ನಳನ್ನು ಕೂರಿಸಿದೆವು. "ಪಕ್ಕದಾಗೆ ಆ ಪಾಟಲ ಪೆಟ್ಟಿಗೆ ಇಡಪ್ಪಾ, ಲಕ್ಷಣವಾಗಿರ್ತದೆ," ಎಂದರು ಅಪ್ಪ, ಸ್ಟುಡಿಯೋದ ಗ್ರಾಮಫೋನು ತೋರಿಸಿ. ಕೆಲವು ದಿನ ಕಳೆದು ಗಂಡಿನ ಫೋಟೋ ಬಂತು. ಅರಮನೆಯ ಪರದೆ, ಅಲ್ಲೂ ಗ್ರಾಮಫೋನು. ನಮ್ಮದು ಸ್ಟುಡಿಯೋದ್ದೆಂದು ನಮಗೆ ಗೊತ್ತಿತ್ತು. ಅವರದೂ ಹಾಗೇ ಇರಬಹುದೆಂದು ಮಾತ್ರ ಹೊಳೆಯಲಿಲ್ಲ. ಆ ಮನೆಯಲ್ಲೂ ಇದೇ ಕಥೆ.

ಮದುವೆಯಾಯಿತು. ಅವರು ನಮ್ಮ ಪೆಟ್ಟಿಗೆ ಬರುವುದನ್ನು ಕಾದರು. ನಾವು ಅವರ ಪೆಟ್ಟಿಗೆ ಹಾಡುವುದನ್ನು ಕಾದೆವು. ಕೇಳೋಣವೆಂದರೆ, ತಿರುಗಿ ನಮ್ಮನ್ನೇ ಕೇಳಿದರೆ? ಕೇಳದ ಮಾತು ಒಳಗೇ ಹುಳಿಯಿತು. "ಅವರ ಸಿರಿ ಅವರ ಮನೇಲೇ ಇರ್ಲಿ," ಎಂದರಂತೆ ಅವಳ ಅತ್ತೆ. "ಮಾರ್ಕೊಂಡು ತಿಂದವ್ರೆ," ಎಂದರು ಅಪ್ಪ. ವೆಂಕಟೇಶಪ್ಪ ನಮ್ಮ ಹೊಸಲು ತುಳಿಯುವುದನ್ನು ಬಿಟ್ಟ. ಗೌರಿ ಹಬ್ಬಕ್ಕೂ ರತ್ನ ಬರಲಿಲ್ಲ. ಈ ವರ್ಷ ಅಪ್ಪ ಕೇಳುವುದು ಒಂದೇ: "ಈ ಅಬ್ಬಕ್ಕಾದ್ರೂ ಮಗು ಬತ್ತದೇನ್ಲಾ?"

ಹಾಗಾಗಿ ಹೊರಟೆ. ಗಣಿ ಕೆಲಸಗಾರರ ಲೈನುಮನೆಯ ಬಾಗಿಲಲ್ಲಿ ರತ್ನ ಅರಿಶಿನ ಅರೆಯುತ್ತಿದ್ದಳು. ಗೋಡೆಯಿಂದ ಅವಳ ಫೋಟೋ ಇಳಿಸಿ ಎರಡನ್ನೂ ಜೋಡಿಸಿಟ್ಟು, ಅವಳು ಬಿದ್ದರೆ ಹಿಡಿಯಲು ಸಿದ್ಧನಾಗಿ, "ನೋಡಮ್ಮ, ಎರಡೂ ಒಂದೇ ಪೆಟ್ಟಿಗೆ," ಎಂದೆ.

ಅವಳು ತಲೆಯೆತ್ತಲಿಲ್ಲ. "ಆ ನೆಗ್ಗು ನಾನೇ ಮಾಡಿದ್ದಲ್ವಾ ಅಣ್ಣಾ. ಫೋಟೋಗೆ ಕೂರೋವಾಗ ಮೊಣಕೈ ತಗಲಿ ಕೆಳಕ್ಕೆ ಬಿತ್ತು, ಸ್ಟುಡಿಯೋದವನು ಬೈದ. ನೀನು ಆಚೆ ಬೀಡಿ ಸೇದ್ತಿದ್ದೆ. ಇವರ ಫೋಟೋ ಬಂದ ದಿವಸಾನೇ ಗೊತ್ತಾಯ್ತು, ಇವರತ್ರಾನೂ ಇಲ್ಲ ಅಂತ."

ನಾನು ಒರಳಿನ ಮೇಲೆ ಕುಳಿತೆ. ಮೂರ್ಛೆ ಬರಲಿಲ್ಲ, ಬಂದಿದ್ದರೆ ಅನುಕೂಲವಿತ್ತು. ಊರೂರಿನ ಪೆಟ್ಟಿಗೆಗಳ ಜಾತಕ ಹೇಳುವವನು ನಾನು, ನನ್ನ ಮನೆಯ ಹುಡುಗಿ ಒಂದು ನೋಟದಲ್ಲಿ ಕಂಡದ್ದನ್ನು ಇಷ್ಟು ವರ್ಷ ಕಂಡಿರಲಿಲ್ಲ.

"ಇಷ್ಟು ಜಗಳ ನಡೀತು, ಒಂದು ಮಾತು ಹೇಳಬಾರದಿತ್ತೇನೇ?"

"ಏಳಿದ್ರೆ, ಗೊತ್ತಿದ್ದೂ ಯಾಕೆ ಒಪ್ಕೊಂಡೆ ಅಂತ ಕೇಳ್ತಿದ್ರಿ."

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಗಣಿಯ ಪಾಳಿ ಮುಗಿಸಿ ಬಂದ ವೆಂಕಟೇಶಪ್ಪ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿತ್ತು. ಬಗ್ಗಿ ಎರಡು ಫೋಟೋಗಳನ್ನೂ ಬಹಳ ಹೊತ್ತು ನೋಡಿದ.

"ನಾನು ಬಂಗಾರಪೇಟೇಲಿ ರೈಲು ಬದಲಾಯ್ಸೋಕೆ ಇಳಿದಾಗ ತೆಗೆಸಿದ್ದು ಭಾವ," ಎಂದ. "ನಿಮ್ ಪೆಟ್ಟಿಗೆ ನಿಮ್ದೇ ಅಂದ್ಕೊಂಡಿದ್ದೆ. ಈ ತಗಡಿನ ಮೂತಿಗಾ ನಾನು ನಿಮ್ಮನೇಲಿ ಒಂದು ಲೋಟ ನೀರು ಕುಡೀದೆ ಇದ್ದಿದ್ದು?" ಆಮೇಲೆ ಹೆಂಡತಿಯ ಕಡೆ ತಿರುಗಿದ. "ಅಲ್ಲ ಕಣೇ, ಗೊತ್ತಿದ್ದೂ ಯಾಕೆ ಒಪ್ಕೊಂಡೆ?"

ರತ್ನ ಅರೆಯುವುದನ್ನು ಬಿಟ್ಟಳು. ಅವನ ಫೋಟೋದ ಮೇಲೆ ಹೆಬ್ಬೆರಳು ಇಟ್ಟಳು. ಕಹಳೆಯ ಮೇಲಲ್ಲ.

ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿ ನನ್ನನ್ನು ಕೇಳಿದ: "ಗೌರಿ ಅಬ್ಬ ಯಾವತ್ತು ಭಾವ?"

ಇಬ್ಬರೂ ಬಂದು ಹೋದರು. ಅಪ್ಪ ಎದ್ದು ಕೂತು ಅಳಿಯನ ಜೊತೆ ಉಂಡರು. ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ, ಮತ್ತೆ ಗಾಜಿನೊಳಗೆ. ಮೊದಲ ಬಾರಿಗೆ ಗ್ರಾಮಫೋನು ಬಿಟ್ಟು ಅದರಲ್ಲಿರುವ ಹುಡುಗನನ್ನು ನೋಡುತ್ತಿದ್ದೇನೆ. ಲಕ್ಷಣವಾಗಿಯೇ ಇದ್ದಾನೆ.

ರೈಲು ತಪ್ಪಲಿಲ್ಲ, ಮಳೆ ಬರಲಿಲ್ಲ, ಯಾರೂ ಬೀಳಲಿಲ್ಲ. ನಿನ್ನೆ ಅಪ್ಪ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ, "ಏನ್ಲಾ ಇದು, ಅಳಿಮಯ್ಯನ ಕೆನ್ನೆ ಮೇಲೆ?" ಎಂದರು. ಒಡೆದೀತೆಂದು ನಾನೇ ಗಾಜು ಬಿಚ್ಚಿ ಒಯ್ದಿದ್ದೆನಲ್ಲ. ಅರಿಶಿನದ ಹೆಬ್ಬೆಟ್ಟು. ಗಾಜು ಮತ್ತೆ ಬಿಚ್ಚಿ ಎಷ್ಟು ಒರೆಸಿದರೂ ಹೋಗುತ್ತಿಲ್ಲ.