ಬ್ರೇಕಿನ ಮೌಖಿಕ ಪರೀಕ್ಷೆ

ಈಗಲೂ ಸಿಟಿ ಬಸ್ಸಿನಲ್ಲಿ ಕೂತಾಗ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಮೂರು ಸಲ ತುಳಿಯುತ್ತದೆ. ಪಕ್ಕದವರು ನನ್ನ ಕಾಲನ್ನೂ ಮುಖವನ್ನೂ ನೋಡುತ್ತಾರೆ. ಕಾರಣ ಹೇಳಬೇಕೆಂದರೆ ನಮ್ಮ ಮಾಮಾನಿಂದ ಶುರುಮಾಡಬೇಕು; ಅಷ್ಟರಲ್ಲಿ ಅವರು ಇಳಿಯುವ ಜಾಗ ಬಂದಿರುತ್ತದೆ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದ ಕಡೆಯವನು, ಪುಣೆಯ ಕೋಥರೂಡದಲ್ಲಿ ಮನೆ. ನಾನು ಶಿವಾಜಿನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ ಅವನ ಮನೆಯಲ್ಲೇ ಇದ್ದೇನೆ. ಅವನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಯಂತ್ರದಲ್ಲಿ ಬೇಕೆಂತಲೇ ಒಂದು ದೋಷ ಇಟ್ಟು, ಹುಡುಗರು ಅದನ್ನು ಕಂಡುಹಿಡಿಯುವವರೆಗೆ ಮೀಸೆಯಲ್ಲೇ ನಗುತ್ತ ನಿಲ್ಲುವುದು ಅವನ ಪದ್ಧತಿಯಾಗಿತ್ತಂತೆ. ನಿವೃತ್ತಿಯಾದ ಮೇಲೆ ಹುಡುಗರು ಇಲ್ಲವಾದರು, ಪದ್ಧತಿ ಉಳಿಯಿತು. ಡಾಕ್ಟರ ಬಳಿ ಹೋದರೆ ಎಲ್ಲಿ ನೋವು ಎಂದು ಹೇಳುವುದಿಲ್ಲ. "ನಾನ ಹೇಳೂದಾದ್ರ ಅವರು ಅಷ್ಟ ವರ್ಷ ಓದಿದ್ದು ಯಾತಕ್ಕ?" ಎನ್ನುತ್ತಾನೆ. ಒಮ್ಮೆ ಕಿವಿ ನೋವಿಗೆ ಹೋಗಿ ಬೆನ್ನಿನ ಎಕ್ಸ್‌ರೇ ತೆಗೆಸಿಕೊಂಡು ಬಂದ. ಡಾಕ್ಟರನ್ನು ಫೇಲು ಮಾಡಿದ ಖುಷಿಯಲ್ಲಿ ಎರಡು ದಿನ ಕಿವಿಯ ಮಾತೇ ಎತ್ತಲಿಲ್ಲ.

ಹೀಗಿರುವಾಗ ಅವನ ಕಾರಿನ ಬ್ರೇಕು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು. ಅದು ಸಮತಟ್ಟಾದ ರಸ್ತೆಯಲ್ಲಿ ಸಾಧುವಾಗಿ ಹಿಡಿಯುತ್ತಿತ್ತು, ಇಳಿಜಾರು ಬಂದರೆ ಮಾತ್ರ ಪೆಡಲು ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ ಕೆಳಗೆ ಹೋಗುತ್ತಿತ್ತು. ಆಗ ಬೇಗಬೇಗ ಮೂರು ಸಲ ತುಳಿಯಬೇಕು, ಮೂರನೆಯದಕ್ಕೆ ಹಿಡಿಯುತ್ತದೆ. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಮಾಮಾ ಮತ್ತು ನಾನು.

ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವನು ಏನು ತೊಂದರೆ ಎಂದು ಮರಾಠಿಯಲ್ಲಿ ಕೇಳಿದ. ಮಾಮಾ ಏನೂ ಇಲ್ಲ, ಸುಮ್ಮನೆ ಒಮ್ಮೆ ಎಲ್ಲ ನೋಡಿಬಿಡಿ ಎಂದ. ನಾನು ಬಾಯಿ ತೆರೆದೆ. ಮಾಮಾ ನನ್ನ ಕಾಲು ತುಳಿದ.

"ಮಾಮಾ, ಬ್ರೇಕಿಂದು ಹೇಳಬೇಕಲ್ಲಾ?" ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ.

"ತಂಗಿ, ಪೇಪರ್ ಲೀಕ್ ಮಾಡಬ್ಯಾಡ," ಎಂದ. ನಮ್ಮ ಕಡೆ ಮನೆಯ ಹುಡುಗಿಯರನ್ನೆಲ್ಲ ತಂಗಿ ಎಂದೇ ಕರೆಯುವುದು.

ಕಾಯುವ ಕೋಣೆಯಲ್ಲಿ ಟಿವಿ ಅರಚುತ್ತಿತ್ತು, ಏಸಿ ಹಲ್ಲು ಕಡಿಸುವಷ್ಟು ತಣ್ಣಗಿತ್ತು. ನನಗೆ ಬೆಳಗಿನಿಂದ ಅರೆತಲೆನೋವು. ಮಾಮಾ ಪುಕ್ಕಟೆ ಚಹಾದ ಯಂತ್ರದ ಮುಂದೆ ಅದರ ದೋಷ ಹುಡುಕುತ್ತ ನಿಂತಿದ್ದ. ನಾನು ಹೊರಗೆ ಬಂದೆ. ನಮ್ಮ ಕಾರು ಇನ್ನೂ ಸರದಿಯಲ್ಲಿ, ಬೇವಿನ ಮರದ ನೆರಳಲ್ಲಿ ನಿಂತಿತ್ತು, ಬಾಗಿಲು ತೆರೆದೇ ಇತ್ತು. ಹಿಂದಿನ ಸೀಟಿನಲ್ಲಿ ಅಜ್ಜಿ ಹೊಲಿದ ಕೌದಿ ಯಾವಾಗಲೂ ಇರುತ್ತದೆ. ಒಳಗೆ ಮಲಗಿ, ಬೆಳಕು ತಾಗದಿರಲಿ ಎಂದು ಕೌದಿಯನ್ನು ತಲೆಯವರೆಗೆ ಎಳೆದುಕೊಂಡೆ. ನಿದ್ದೆ ಹತ್ತಿತು.

ಎಚ್ಚರವಾದಾಗ ಕಾರು ಓಡುತ್ತಿತ್ತು. ಮಾಮಾ ಮನೆಗೆ ಹೊರಟಿದ್ದಾನೆ ಎಂದುಕೊಂಡೆ. ಆಗ ಮುಂದಿನಿಂದ ಬೇರೊಂದು ದನಿ ಕೇಳಿತು, ಅದೂ ಕನ್ನಡದಲ್ಲಿ, ಗಡಿಯಾಚೆಯ ಜತ್ತದ ಕಡೆಯ ಕನ್ನಡದಲ್ಲಿ.

"ಹೂನ್ರೀ ಅತ್ತಿ, ಸುರಂಗ ದಾಟಿದ ಕೂಡಲೆ ಬಸ್ ಇಳಿಸ್ತಾರ, ಅಲ್ಲೇ ನಿಂದರ್ರಿ. ರಿಕ್ಷಾ ಯಾಕ್ರೀ? ನಾ ನಮ್ಮ ಗಾಡಿ ತೊಗೊಂಡ ಬರಾಕತ್ತೇನಿ. ಹೌದ್ರಿ, ನಮ್ಮದ. ಸ್ವಂತದ್ದ. ನಿಮ್ಮ ಮಗಳಿಗೆ ಹೇಳಿಲ್ಲರೀ, ಆಮ್ಯಾಲ ಹೇಳೂಣು ಅಂತ."

ಕೌದಿಯ ಹೊಲಿಗೆಯ ಸಂದಿನಿಂದ ನೋಡಿದೆ. ಸರ್ವಿಸ್ ಸೆಂಟರಿನ ನೀಲಿ ಅಂಗಿ. ಅತ್ತೆಯನ್ನು ಕರೆತರಲು ಗಿರಾಕಿಯ ಕಾರು ತೆಗೆದುಕೊಂಡು ಹೊರಟ ಅಳಿಯ.

ಆಗಲೇ ಮಾತಾಡಬೇಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಖಾಲಿ ಎಂದುಕೊಂಡ ಕಾರಿನ ಹಿಂದಿನ ಸೀಟಿನಿಂದ ಹೆಣ್ಣು ದನಿ ಬಂದರೆ ಓಡಿಸುವವನ ಕೈ ಯಾವ ಕಡೆ ತಿರುಗೀತು? ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಏರು ಹತ್ತುತ್ತಿದ್ದೇವೆ, ಏರಿನಲ್ಲಿ ಬ್ರೇಕು ಬೇಕಿಲ್ಲ, ಗಾಡಿ ನಿಂತ ಮೇಲೆ ಮೆಲ್ಲಗೆ ಕೆಮ್ಮೋಣ ಎಂದು ತೀರ್ಮಾನಿಸಿದೆ. ಯಾವ ಭಾಷೆಯಲ್ಲಿ ಕೆಮ್ಮಬೇಕು ಎಂಬಷ್ಟು ದೂರ ನನ್ನ ವಿಚಾರ ಹೋಗಿತ್ತು.

ಗಾಡಿ ಹೆದ್ದಾರಿಯ ಬದಿಯಲ್ಲಿ ನಿಂತಿತು. ನಾನು ಕೆಮ್ಮುವ ಮೊದಲೇ ಅವನು ಇಳಿದು ಹೋದ. ಹೊರಗೆ ಹೆಂಗಸಿನ ದನಿ.

"ಬಂಗಾರದಂಥಾ ಗಾಡಿ ಬಿಡ್ರಿ ಅಳಿಯಂದ್ರ. ಪೂಜಾ ಮಾಡೀರೋ ಇಲ್ಲೊ?"

"ಆಗ್ಯಾದರೀ ಅತ್ತಿ."

"ಎಲ್ಲಿ, ಒಂದ ಕುಂಕುಮದ ಬಟ್ಟಿಲ್ಲ. ನಾ ಎಲ್ಲಾ ಕಟಗೊಂಡ ಬಂದೇನಿ."

"ಇಲ್ಲೆ ಬ್ಯಾಡ್ರೀ, ಮನ್ಯಾಗ ಮಾಡೂಣು."

"ಮನಿ ತನಕ ದೃಷ್ಟಿ ತೊಗೊಂಡ ಹೋಗ್ತೀರೇನ್ರಿ?"

ಆಮೇಲೆ ಮುಂಭಾಗದಲ್ಲಿ ಧಡ್ ಎಂದು ಒಂದು ಸದ್ದಾಯಿತು. ತೆಂಗಿನಕಾಯಿ. ರಸ್ತೆಯ ಮೇಲಲ್ಲ, ಮಾಮಾನ ಬಂಪರಿನ ಮೇಲೆ. ಅಳಿಯ ಅತ್ತ ಹಾಗೆ ಕೇಳಿಸಿತು. ಆಕೆ ಬೊನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಹಿಂದಿನ ಬಾಗಿಲು ತೆಗೆದು, ದೊಡ್ಡದೊಂದು ಬೂದಗುಂಬಳಕಾಯಿಯನ್ನು ಸರಿಯಾಗಿ ನನ್ನ ಹೊಟ್ಟೆಯ ಮೇಲೆ ಇಟ್ಟಳು.

"ಅಯ್ಯಯ್ಯೋ," ಎಂದೆ. ಕೆಮ್ಮಿನ ವಿಚಾರವೇ ನೆನಪಾಗಲಿಲ್ಲ.

ಕೌದಿ ಸರಿಯಿತು. ಆಕೆ ನನ್ನನ್ನು ನೋಡಿದಳು, ಅಳಿಯನನ್ನು ನೋಡಿದಳು. ಅಷ್ಟರಲ್ಲಿ ಸ್ಟೀರಿಂಗಿನ ಮುಂದೆ ಬಂದು ಕೂತಿದ್ದ ಅಳಿಯ ಕನ್ನಡಿಯಲ್ಲಿ ನನ್ನ ಮುಖ ಕಂಡು ಕಲ್ಲಾಗಿದ್ದ.

"ಯಾರ್ರೀ ಈಕಿ?"

"ಗೊತ್ತಿಲ್ಲರೀ."

"ನಿಮ್ಮ ಗಾಡ್ಯಾಗ ಕೌದಿ ಹೊತಗೊಂಡ ಮಲಗ್ಯಾಳ, ಗೊತ್ತಿಲ್ಲ ಅಂತೀರಿ. ನನ್ನ ಮಗಳು ಏನ ಕಡಿಮಿ ಮಾಡ್ಯಾಳ ನಿಮಗ?"

ಅಷ್ಟರಲ್ಲಿ ಹೆದ್ದಾರಿಯ ಪೊಲೀಸು ಸೀಟಿ ಊದುತ್ತ ಇತ್ತ ಬರತೊಡಗಿದ. ಗಾಡಿ ಯಾರದು ಎಂದು ಅವನು ಕೇಳಿದರೆ ಕತೆ ಮುಗಿಯಿತು. ಅಳಿಯ ಗೇರು ಹಾಕಿದ. ಅತ್ತೆ ನನ್ನ ಕಾಲನ್ನು ಅತ್ತ ತಳ್ಳಿ ಕೂತು ಬಾಗಿಲು ಎಳೆದುಕೊಂಡಳು. ಅಲ್ಲಿಂದ ಪುಣೆಯ ಕಡೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಅಲ್ಲಿ ಲಾರಿಗಳ ಬ್ರೇಕೇ ಕೈಕೊಡುತ್ತದೆಂದು ಊರಿಗೆಲ್ಲ ಗೊತ್ತು.

"ನಿಲ್ಲಸ್ರಿ," ಎಂದೆ. "ಈ ಗಾಡಿಗೆ ಬ್ರೇಕಿಲ್ಲ."

"ಮೇಡಂ, ನಾ ಕೈ ಮುಗೀತೀನಿ, ಆಮ್ಯಾಲ ಮಾತಾಡೂಣು," ಎಂದು ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ಬೇಡಿಕೊಂಡ. ನಾನು ಸಿಟ್ಟಿಗೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

"ಹೊಸಾ ಗಾಡಿಗೆ ಬ್ರೇಕ್ ಯಾಕ ಇರೂದಿಲ್ಲವ್ವಾ?" ಎಂದಳು ಅತ್ತೆ. "ಹೊಟ್ಟಿಕಿಚ್ಚ ಇರಬಾರದು."

"ಇದು ಇಳಿಜಾರಿನ್ಯಾಗ ಹಿಡಿಯೂದಿಲ್ಲರೀ. ಮೂರು ಸಲ ತುಳೀಬೇಕು."

"ಬರೂಮುಂದ ಛಲೋ ಹಿಡೀತಿತ್ತಲ್ಲರೀ," ಎಂದು ಅವನು ಬ್ರೇಕು ತುಳಿದು ತೋರಿಸಲು ಹೋದ. ತೋರಿಸಿದ. ಅವನ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ಕನ್ನಡಿಯಲ್ಲಿ ಕಂಡೆ.

ಆ ಗಳಿಗೆಯನ್ನು ನಾನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇನೆ. ಮುಂದೆ ಕಬ್ಬಿಣದ ಸರಳು ಹೇರಿದ ಲಾರಿ. ಸರಳುಗಳ ತುದಿಗೆ ಕಟ್ಟಿದ ಕೆಂಪು ಬಟ್ಟೆ ಗಾಳಿಗೆ ಹಾರುತ್ತಿತ್ತು, ದೊಡ್ಡದಾಗುತ್ತಿತ್ತು. ವೇಗ, ತೂಕ, ಜಡತ್ವ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು ನಾನು. ಹೊಳೆದದ್ದು ಒಂದೇ, ಬೆಳಗ್ಗೆ ಒಣಹಾಕಿದ ಬಟ್ಟೆಯನ್ನು ಇನ್ನು ಯಾರು ತೆಗೆಯುತ್ತಾರೆ?

"ತುಳೀರಿ, ಬಿಡ್ರಿ, ತುಳೀರಿ," ಎಂದು ಹೇಳುತ್ತ ನಾನೂ ತುಳಿದೆ. ಅತ್ತೆಯೂ ತುಳಿದಳು, ನನ್ನ ಕಾಲನ್ನು. ಅವನು ಮೂರು ಸಲ ತುಳಿದ, ಗೇರು ಇಳಿಸಿದ, ಹ್ಯಾಂಡ್‌ಬ್ರೇಕು ಎಳೆದ, ಎಡಕ್ಕೆ ತಿರುಗಿಸಿದ. ಬ್ರೇಕು ಅರೆಮನಸ್ಸಿನಿಂದ ಹಿಡಿಯಿತು. ಉಳಿದದ್ದನ್ನು ರಸ್ತೆ ಕೆಲಸಕ್ಕೆ ಹಾಕಿದ್ದ ಮರಳಿನ ರಾಶಿ ಹಿಡಿಯಿತು. ಕಾರು ಅದರಲ್ಲಿ ಮೂಗು ತೂರಿಸಿ ನಿಂತಿತು. ಕುಂಬಳಕಾಯಿ ಮಾತ್ರ ನಿಲ್ಲದೆ ಎರಡು ಸೀಟಿನ ನಡುವಿನಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ಒಡೆಯಿತು. ಬೀಜ, ತಿರುಳು ಎಲ್ಲ ಅಳಿಯನ ಮೈಮೇಲೆ.

ಅತ್ತೆ ಸೀಟಿನ ನಡುವಿನಿಂದ ಇಣುಕಿ ನೋಡಿ, "ಛಲೋ ಆತು, ಅದು ಒಡೀಬೇಕಾಗಿತ್ತ," ಎಂದಳು.

ಎಲ್ಲರೂ ಇಳಿದೆವು. ಅತ್ತೆ ತನ್ನ ಗಂಟಿನಿಂದ ಶೇಂಗಾ ಹೋಳಿಗೆ ತೆಗೆದು ನನ್ನ ಕೈಗಿಟ್ಟಳು. "ನೀ ಯಾರರೇ ಆಗವ್ವಾ, ಜೀವಾ ಉಳಿಸೀದಿ," ಎಂದಳು. ಅಳಿಯ ಆಕೆಯ ಬೆನ್ನ ಹಿಂದೆ ನಿಂತು ನನಗೆ ಕೈ ಮುಗಿಯುತ್ತಿದ್ದ, ಹುಬ್ಬಿನ ಮೇಲೊಂದು ಬೀಜ ಅಂಟಿತ್ತು. ನಾನು ಅವರ ಆಫೀಸಿನವಳು, ತಲೆನೋವಿಗೆ ಮಲಗಿದ್ದೆ ಎಂದೆ. ತಲೆನೋವು ಸುಳ್ಳಲ್ಲ. ಆಕೆ ನಂಬಿದಳೋ ಇಲ್ಲವೋ, ಕೈ ಮಾಡಿ ರಿಕ್ಷಾ ನಿಲ್ಲಿಸಿದಳು.

"ನಾ ಇದರಾಗ ಬರ್ತೀನಿ. ಅಳಿಯಂದ್ರ, ಈ ಗಾಡಿ ನಮಗ ಆಗಿ ಬರೂದಿಲ್ಲ. ಮಾರಿಬಿಡ್ರಿ."

"ಇವತ್ತ ಮಾರ್ತೀನ್ರಿ ಅತ್ತಿ," ಎಂದು ಅವನು ಹೇಳಿದ. ಅಷ್ಟು ಮನಃಪೂರ್ವಕವಾಗಿ ಯಾರೂ ಅತ್ತೆಯ ಮಾತು ಕೇಳಿದ್ದನ್ನು ನಾನು ಕಂಡಿಲ್ಲ.

ಅವನು ಸರ್ವಿಸ್ ಸೆಂಟರಿನ ಎಳೆಯುವ ಗಾಡಿ ತರಿಸಿದ. ಅದರ ಬೆನ್ನಿಗೆ ತಗಲಿಕೊಂಡು ನಮ್ಮ ಕಾರು ಗೇಟಿನೊಳಗೆ ಬಂದಾಗ ಮಾಮಾ ಚಹಾದ ಕಪ್ಪು ಹಿಡಿದು ನಿಂತಿದ್ದ. ಕುಂಕುಮ, ಸೀಳಿದ ಬಂಪರು, ಮರಳು, ಕುಂಬಳಕಾಯಿ, ನಾನು, ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ನೀಲಿ ಅಂಗಿಯವನನ್ನೇ ನೋಡುತ್ತಿದ್ದ. ಅಳಿಯ ಕೈ ಕಟ್ಟಿಕೊಂಡು, "ಸರ್, ನಿಮ್ಮ ಗಾಡೀದು ಬ್ರೇಕ್ ಹೋಗ್ಯಾದ್ರಿ. ಇಳಿಜಾರಿನ್ಯಾಗ ಹಿಡಿಯೂದಿಲ್ಲ," ಎಂದ.

ಮಾಮಾನ ಮುಖ ಅರಳಿತು. "ಯಾರೂ ಹೇಳಲಿಲ್ಲಲಾ ನಿನಗ?"

"ಹೇಳಿದ್ರ ಛಲೋ ಇತ್ತರೀ."

"ಶಾಬಾಸ್. ಇಳಿಜಾರ ಹುಡುಕಿ ಟ್ರಯಲ್ ತೊಗೊಂಡೀ. ಡಿಸ್ಟಿಂಕ್ಷನ್," ಎಂದು ಮಾಮಾ ಅವನ ಬೆನ್ನು ತಟ್ಟಿದ. ಕೈಗೆ ಬೀಜ ಹತ್ತಿತು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಗುತ್ತಲೂ ಇದ್ದೆನಂತೆ, ಅದು ನನಗೆ ನೆನಪಿಲ್ಲ. ಬಿಕ್ಕುತ್ತ ಬಿಕ್ಕುತ್ತ ಎಲ್ಲ ಹೇಳಿದೆ, ಸರಳಿನ ಲಾರಿಯವರೆಗೆ. ಮಾಮಾ ಕಪ್ಪನ್ನು ಕೆಳಗಿಟ್ಟ. ನೀಲಿ ಅಂಗಿಯವನನ್ನು ಬಯ್ಯಲು ಮ್ಯಾನೇಜರು ಬಂದ. ಮಾಮಾ ಅವನಿಗೆ ಬಂಪರು ಹೊಸದು ಹಾಕಿಸಿಕೊಡಿ ಎಂದಷ್ಟೇ ಹೇಳಿ ನನ್ನ ಕಡೆ ತಿರುಗಿದ.

"ನೀ ಒಳಗ ಇದ್ದೀ ಅಂತ ನನಗ ಗೊತ್ತಿರಲಿಲ್ಲ, ತಂಗಿ."

"ನಾನಿಲ್ಲದಿದ್ರ ಸರಿ ಇತ್ತೇನು?"

ಜೀವಮಾನವಿಡೀ ಪ್ರಶ್ನೆ ಕೇಳಿದವನು ನನ್ನ ಪಕ್ಕ ನೆಲದ ಮೇಲೆ ಕೂತು ನನ್ನ ತಲೆಯ ಮೇಲೆ ಕೈಯಿಟ್ಟ.

ಮುಂದಿನ ತಿಂಗಳು ಅವನಿಗೆ ಹಲ್ಲು ನೋವು ಬಂತು, ನಾನೇ ಜೊತೆಗೆ ಹೋದೆ. ಡಾಕ್ಟರು ಬಾಯಿ ತೆರೆಯಿರಿ ಎನ್ನುವ ಮೊದಲೇ ಮಾಮಾ ಹಲ್ಲು, ಒಸಡು, ಮೊಣಕಾಲು, ಹೊಟ್ಟೆಯ ಉಬ್ಬರ, ಕಳೆದ ಸಲದ ಕಿವಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದ. ಡಾಕ್ಟರು ಸಾಕು, ಹಲ್ಲಿನದಷ್ಟೇ ಹೇಳಿ ಎಂದರು.

"ಇಲ್ಲರೀ, ಪೂರ್ತಿ ಕೇಳ್ರಿ," ಎಂದು ಮಾಮಾ ನನ್ನತ್ತ ಕೈ ತೋರಿಸಿದ. "ಇಲ್ಲಾಂದ್ರ ಈಕಿ ನನ್ನ ಕಾಲು ತುಳೀತಾಳ."

ಅವನನ್ನು ನಿಲ್ಲಿಸಲೆಂದು ನಾನು ಆಗಲೇ ಮೂರನೆಯ ಸಲ ತುಳಿಯುತ್ತಿದ್ದೆ.